ಮುಟ್ಟು ನಿಂತ ಮೇಲೆ ಹಾರ್ಟ್ ಕಡೆ ಯಾಕೆ ನೋಡ್ಬೇಕು

ಈಸ್ಟ್ರೋಜನ್ ಅಂದ್ರೆ ಮುಟ್ಟು, ಬಸಿರು, ಬಾಣಂತನ ಇಷ್ಟೇ ನಮಗೆ ನೆನಪಾಗೋದು. ಆದ್ರೆ ಆ ಹಾರ್ಮೋನನ್ನ ಹಿಡ್ಕೊಳ್ಳೋ ರಿಸೆಪ್ಟರ್‌ಗಳು ರಕ್ತನಾಳದ ಒಳಪದರದಲ್ಲಿವೆ, ಹಾರ್ಟ್‌ನ ಸ್ನಾಯುವಲ್ಲಿವೆ, ಲಿವರ್‌ನಲ್ಲೂ ಇವೆ, ಗಂಡಸರ ಮೈಯಲ್ಲೂ ಇವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ತುಂಬಾ ಕಮ್ಮಿ ಆಗುತ್ತೆ, ಅದಕ್ಕೇ ಹಾರ್ಟ್ ಕಡೆನೂ ನೋಡ್ಬೇಕು.

ಇದು ನಂಗೆ ಸರಿಯಾಗಿ ಅರ್ಥ ಆಗಿದ್ದು ಒಂದು ಹಳೇ ಕೇಸ್ ಓದಿದ ಮೇಲೆ. 1994ರಲ್ಲಿ ಅಮೆರಿಕದ ಡಾಕ್ಟರ್‌ಗಳು 28 ವರ್ಷದ ಒಬ್ಬ ಗಂಡಸಿನ ಬಗ್ಗೆ ಬರೆದ್ರು. ಆರಡಿ ಎಂಟಿಂಚು ಎತ್ತರ, ಆ ವಯಸ್ಸಲ್ಲೂ ಇನ್ನೂ ಬೆಳೀತಾನೇ ಇದ್ದ, ಮೂಳೆಗಳು ಸವೆದುಹೋಗಿದ್ವು. ರಕ್ತದಲ್ಲಿ ಈಸ್ಟ್ರೋಜನ್‌ಗೆ ಬರ ಇರ್ಲಿಲ್ಲ, ಜಾಸ್ತಿನೇ ಇತ್ತು, ಆದ್ರೆ ಹುಟ್ಟಿನಿಂದಲೇ ಆಲ್ಫಾ ಅನ್ನೋ ಬಗೆಯ ಈಸ್ಟ್ರೋಜನ್ ರಿಸೆಪ್ಟರಿನ ಜೀನ್ ಕೆಟ್ಟಿತ್ತು, ಹಾಗಾಗಿ ಎಷ್ಟು ಹಾರ್ಮೋನ್ ಇದ್ರೂ ಮೈಗೆ ಅದು ತಾಗ್ತಾನೇ ಇರ್ಲಿಲ್ಲ. ಮುಂದೆ 1997ರಲ್ಲಿ ಅವನ ಹಾರ್ಟ್ ನೋಡಿದ್ರೆ ಹಾರ್ಟ್‌ಗೇ ರಕ್ತ ಕೊಡೋ ಕರೋನರಿ ನಾಳದಲ್ಲಿ ಆಗ್ಲೇ ಕ್ಯಾಲ್ಸಿಯಂ ಕೂತಿತ್ತು, ತೋಳಿನ ರಕ್ತನಾಳ ಹಿಗ್ಗಬೇಕಾದ ಹಾಗೆ ಹಿಗ್ತಿರ್ಲಿಲ್ಲ. ಮೂವತ್ತರ ಆಸುಪಾಸಿನ ಹುಡುಗನಿಗೆ! ಒಬ್ಬನೇ ಮನುಷ್ಯನ ಕಥೆಯಿಂದ ಎಲ್ಲಾ ಸಾಬೀತಾಗಲ್ಲ ನಿಜ, ಆದ್ರೂ ರಿಸೆಪ್ಟರ್ ಎಷ್ಟು ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ಹೇಳೋ ಕೇಸ್ ನಾನು ಬೇರೆ ಓದಿಲ್ಲ.

ಆಲ್ಫಾ ರಿಸೆಪ್ಟರ್ ಎರಡು ಥರ ಕೆಲಸ ಮಾಡುತ್ತೆ. ಜೀವಕೋಶದ ಹೊರಪೊರೆಯಲ್ಲಿ ಇರೋದು ನಿಮಿಷಗಳಲ್ಲೇ ನೈಟ್ರಿಕ್ ಆಕ್ಸೈಡ್ ಬಿಡಿಸುತ್ತೆ, ನಾಳ ಸಡಿಲ ಆಗಿ ರಕ್ತ ಸರಾಗವಾಗಿ ಹರಿಯುತ್ತೆ. ನ್ಯೂಕ್ಲಿಯಸ್ ಒಳಗಿರೋದು ನಿಧಾನ, ಅದು ಜೀನ್‌ಗಳನ್ನ ಆನ್ ಆಫ್ ಮಾಡುತ್ತೆ. ಲಿವರ್‌ನಲ್ಲಿ ಈಸ್ಟ್ರೋಜನ್ ಕೆಲಸದಿಂದ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ರಕ್ತದಿಂದ ಬೇಗ ಖಾಲಿ ಆಗುತ್ತೆ, ಮುಟ್ಟು ನಿಂತ ಮೇಲೆ ಲಿಪಿಡ್ (ರಕ್ತದ ಕೊಬ್ಬು) ರಿಪೋರ್ಟ್ ಏರೋದಕ್ಕೆ ಇದೂ ಒಂದು ಕಾರಣ. 1996ರಲ್ಲಿ ಸಿಕ್ಕಿದ್ದು ಇನ್ನೊಂದು ಬಗೆಯ ಈಸ್ಟ್ರೋಜನ್ ರಿಸೆಪ್ಟರ್, ಬೀಟಾ, ಅದಿಲ್ಲದ ಇಲಿಗಳಿಗೆ ವಯಸ್ಸಾಗ್ತಾ ಬಿಪಿ ಏರುತ್ತೆ ಅಂತ 2002ರಲ್ಲಿ ತೋರಿಸಿದ್ರು.

ಹಾಗಾದ್ರೆ ಎಲ್ರಿಗೂ ಈಸ್ಟ್ರೋಜನ್ ಮಾತ್ರೆ ಕೊಟ್ಬಿಟ್ರೆ ಹಾರ್ಟ್ ಸೇಫ್ ತಾನೇ ಅನ್ನಿಸುತ್ತೆ, ಡಾಕ್ಟರ್‌ಗಳೂ ತುಂಬಾ ವರ್ಷ ಹಾಗೇ ಅಂದ್ಕೊಂಡಿದ್ರು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್ ಕೊಟ್ಟು ನೋಡಿದ ದೊಡ್ಡ ಟ್ರಯಲ್ 2002ರಲ್ಲಿ ಅರ್ಧಕ್ಕೇ ನಿಂತೋಯ್ತು, ಹಾರ್ಟ್‌ಗೆ ಉಪಯೋಗ ಆಗ್ಲಿಲ್ಲ, ಸ್ತನ ಕ್ಯಾನ್ಸರ್, ಸ್ಟ್ರೋಕ್, ರಕ್ತ ಹೆಪ್ಪುಗಟ್ಟೋದು ಜಾಸ್ತಿ ಆಯ್ತು. ಆದ್ರೆ ಅವರ ಸರಾಸರಿ ವಯಸ್ಸು 63, ಮುಟ್ಟು ನಿಂತು ತುಂಬಾ ವರ್ಷ ಆದವರೇ ಹೆಚ್ಚು. ಆಮೇಲೆ 2016ರಲ್ಲಿ ಬಂದ ಇನ್ನೊಂದು ಟ್ರಯಲ್‌ನಲ್ಲಿ ಮುಟ್ಟು ನಿಂತು ಆರು ವರ್ಷದೊಳಗೆ ಶುರು ಮಾಡಿದವರಿಗೆ ಕುತ್ತಿಗೆಯ ರಕ್ತನಾಳ ದಪ್ಪ ಆಗೋದು ನಿಧಾನ ಆಯ್ತು, ಹತ್ತು ವರ್ಷ ದಾಟಿದವರಿಗೆ ಆಗ್ಲಿಲ್ಲ. ನಾಳದಲ್ಲಿ ಕೊಬ್ಬು ಕಟ್ಟಿದ ಮೇಲೆ ರಿಸೆಪ್ಟರೂ ಮೊದಲಿನ ಹಾಗೆ ಉಳಿಯಲ್ಲ ಅನ್ನೋದು ಇದಕ್ಕೆ ಕೊಡೋ ಒಂದು ವಿವರಣೆ. ಈಗಲೂ ಹಾರ್ಟ್ ಕಾಯಿಲೆ ತಡೆಯೋಕೆ ಅಂತಾನೇ ಈ ಮಾತ್ರೆ ಕೊಡಲ್ಲ, ಮೈ ಬಿಸಿಯೇರಿ ಬೆವರೋದು ತಡೆಯಕ್ಕಾಗದಷ್ಟು ಇದ್ರೆ ನೋಡಿ ಕೊಡ್ತಾರೆ, ದಯವಿಟ್ಟು ಮೆಡಿಕಲ್ ಶಾಪಿಗೆ ಹೋಗಿ ನೀವೇ ತಗೋಬೇಡಿ.

ನಂಗೆ ಸಂಕಟ ಆಗೋದು ನಮ್ಮ ಕಡೆ ವಿಷಯಕ್ಕೆ. ಅಮೆರಿಕದಲ್ಲಿ ಸುಮಾರು 51ಕ್ಕೆ ಮುಟ್ಟು ನಿಂತ್ರೆ ಇಲ್ಲಿ ಸುಮಾರು 46-47ಕ್ಕೇ. ಅದ್ರ ಮೇಲೆ ಗರ್ಭಕೋಶದ ಆಪರೇಶನ್. ಕಲಬುರಗಿ ಕಡೆ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರಿಗೂ ಬೇಡದಿದ್ರೂ ಗರ್ಭಕೋಶ ತೆಗೆದಿದ್ದು ಸುದ್ದಿ ಆಗಿತ್ತಲ್ಲ, ಅಂಥ ಆಪರೇಶನ್‌ನಲ್ಲಿ ಈಸ್ಟ್ರೋಜನ್ ತಯಾರು ಮಾಡೋ ಅಂಡಾಶಯನೂ ತೆಗೆದುಬಿಟ್ರೆ ಆ ಹಾರ್ಮೋನ್ ಒಂದೇ ದಿನದಲ್ಲಿ ಕುಸಿಯುತ್ತೆ, 45ರ ಒಳಗೆ ಹೀಗಾದವರಿಗೆ ಮುಂದೆ ಹಾರ್ಟ್ ಕಾಯಿಲೆ ಬರೋ ಅಪಾಯ ಜಾಸ್ತಿ. ಮನೇಲಿ ಅಮ್ಮ, ಅತ್ತೆ, ಅಕ್ಕ ಯಾರಿಗಾದ್ರೂ ಆಪರೇಶನ್ ಆಗಿದ್ರೆ ಡಿಸ್ಚಾರ್ಜ್ ಸಮ್ಮರಿ ತೆಗೆದು ಅಂಡಾಶಯ ಇದೆಯಾ ತೆಗೆದಿದಾರಾ ನೋಡಿ, ತೆಗೆದಿದ್ರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ, ಬಿಪಿ, ಶುಗರ್, ಲಿಪಿಡ್ ಮೂರನ್ನೂ ಚೆಕ್ ಮಾಡ್ಸಿ. ಮೆಟ್ಟಿಲು ಹತ್ತಿದ್ರೆ ಏದುಸಿರು, ದವಡೆ ನೋವು, ಬೆನ್ನು ನೋವು ಅಂದ್ರೆ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸ್ಬೇಡಿ, ಇಸಿಜಿ ಮಾಡ್ಸಿ.