ಜೂನ್‌ವರೆಗೂ ಏಳದ ದಾಸವಾಳ

ಆವತ್ತು ಮೇ 20. ತೋಟದಲ್ಲಿ ಉಳಿದ ಗಿಡಗಳೆಲ್ಲ ಮೊಣಕಾಲೆತ್ತರ ಬೆಳೆದಿದ್ದವು. ಹಿಂದಿನ ಬೇಸಿಗೆಯಲ್ಲಿ ನೆಟ್ಟಿದ್ದ ದಾಸವಾಳದ ಜಾಗದಲ್ಲಿ ಮಾತ್ರ ನಾಲ್ಕು ಒಣಕಡ್ಡಿ. ಚಳಿಗೆ ಸತ್ತೇಹೋಯಿತು ಅಂದುಕೊಂಡು ಗುದ್ದಲಿ ಹಾಕಿದೆ. ಎರಡನೇ ಏಟಿಗೆ ಬೇರಿನ ಗಡ್ಡೆ ಸೀಳಿತು. ಒಳಗೆಲ್ಲ ಬೆಳ್ಳಗೆ, ಹಸಿಹಸಿ. ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಸಣ್ಣ ಕೆಂಪು ಮೊಳಕೆಗಳು ಮೂರು. ಅದರಲ್ಲಿ ಎರಡು ಮುರಿದುಬಿದ್ದಿದ್ದವು. ತಕ್ಷಣ ಮಣ್ಣು ಮುಚ್ಚಿದೆ. ಆ ವರ್ಷ ಒಂದೇ ಒಂದು ಕಾಂಡ ಬಂತು, ಹೂವು ಬಿಡಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಹಿಬಿಸ್ಕಸ್ ಮೊಶೂಟಸ್ ಅನ್ನೋ ಜಾತಿ. ಉತ್ತರ ಅಮೆರಿಕದ ಪೂರ್ವ ಭಾಗದ ಜೌಗು ನೆಲದ ಗಿಡ. ನಮಗೆಲ್ಲ ಗೊತ್ತಿರುವ ದಾಸವಾಳ, ಅಂದರೆ ರೋಸಾ ಸೈನೆನ್ಸಿಸ್, ಹಿಮ ತಡೆಯೋದಿಲ್ಲ. ರಾತ್ರಿಯ ಚಳಿ 10 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಅದನ್ನು ಮನೆಯೊಳಗೆ ತರಬೇಕು. ಮೊಶೂಟಸ್ ಹಾಗಲ್ಲ. ನೆಲದ ಮೇಲಿನ ಭಾಗ ಪೂರ್ತಿ ಸತ್ತರೂ ಬೇರು ಮೈನಸ್ 25 ಡಿಗ್ರಿಯ ಚಳಿಗಾಲವನ್ನೂ ದಾಟುತ್ತದೆ. ಆದರೆ ಮಣ್ಣು ಚೆನ್ನಾಗಿ ಬಿಸಿಯಾಗುವವರೆಗೆ ಅದು ಏಳೋದೇ ಇಲ್ಲ. ಮೇ ಕೊನೆ, ಕೆಲವು ವರ್ಷ ಜೂನ್. ಎದ್ದ ಮೇಲೆ ನೋಡಬೇಕು, ಆಗಸ್ಟ್ ಹೊತ್ತಿಗೆ ನನ್ನ ಭುಜ ಮುಟ್ಟುತ್ತದೆ.

ಹಿಮ ಬಿದ್ದು ಎಲೆ ಕಪ್ಪಾದ ಮೇಲೂ ನಾನೀಗ ಕಾಂಡ ಕತ್ತರಿಸೋದಿಲ್ಲ. ವಸಂತದವರೆಗೆ ಹಾಗೇ ಬಿಡುತ್ತೇನೆ. ಆಮೇಲೆ ಒಂದು ಗೇಣು ಉಳಿಸಿ ಕತ್ತರಿಸುತ್ತೇನೆ. ಹೊಸ ಚಿಗುರು ಬುಡದಿಂದಲೇ ಬರುತ್ತದೆ, ಆ ಕಡ್ಡಿ ಚಿಗುರೋದಿಲ್ಲ. ಗಿಡ ಎಲ್ಲಿದೆ ಅಂತ ಗುರುತಿಗೆ ಅದು ಬೇಕು, ಅಷ್ಟೇ. (ರೋಸ್ ಆಫ್ ಶರಾನ್‌ಗೆ ಹೀಗೆ ಮಾಡಬೇಡಿ. ಅದೂ ದಾಸವಾಳದ ಕುಲವೇ, ಆದರೆ ಗಟ್ಟಿ ಕೊಂಬೆಯ ಪೊದೆ. ಹಳೇ ಕೊಂಬೆಗಳೇ ಚಿಗುರುತ್ತವೆ.)

ಹೊದಿಕೆ ಹಾಕೋದರಲ್ಲಿ ಸುಮಾರು ಜನ ಅವಸರ ಮಾಡುತ್ತಾರೆ. ನೆಲ ಒಮ್ಮೆ ಹೆಪ್ಪುಗಟ್ಟಲಿ, ಆಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹಾಕಿ. ಬರೀ ಚಳಿಗಿಂತ, ನೆಲ ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟೋದೇ ಹೊಸ ಗಿಡಕ್ಕೆ ಜಾಸ್ತಿ ಅಪಾಯ. ಆ ಎಳೆದಾಟದಲ್ಲಿ ಬೇರು ಮೇಲಕ್ಕೆದ್ದುಬಿಡುತ್ತದೆ. ಹೊದಿಕೆ ಇದ್ದರೆ ನೆಲ ಒಂದೇ ಸಮ ತಣ್ಣಗಿರುತ್ತದೆ. ವಸಂತದಲ್ಲಿ ಅದನ್ನು ಸರಿಸಲೇಬೇಕು, ಇಲ್ಲದಿದ್ದರೆ ಬಿಸಿಲು ಮಣ್ಣಿಗೆ ತಾಕೋದಿಲ್ಲ, ಗಿಡ ಇನ್ನೂ ತಡ ಮಾಡುತ್ತದೆ. ಕುಂಡದಲ್ಲಿರುವ ಗಿಡದ ಬೇರಿಗೆ ಸುತ್ತಲಿಂದಲೂ ಚಳಿ ತಾಕುತ್ತದೆ. ಅದನ್ನು ಹೀಟರ್ ಇಲ್ಲದ ಗ್ಯಾರೇಜಿನಲ್ಲಿಡಿ.

ಬೇಸಿಗೆಯಲ್ಲಿ ಬಿಸಿಲು, ನೀರು ಎರಡೂ ಧಾರಾಳವಾಗಿ ಬೇಕು. ಜೌಗಿನ ಗಿಡ ಅಲ್ವಾ, ನೀರು ತಪ್ಪಿದರೆ ಮೊಗ್ಗು ಉದುರುತ್ತದೆ. ಎಲೆ ಬಲೆಯ ಹಾಗೆ ತೂತಾದರೆ ಅಡಿಭಾಗ ತಿರುಗಿಸಿ ನೋಡಿ. ಸಣ್ಣ ಹಸಿರು ಹುಳ ಸಿಕ್ಕರೆ ಅದು ಸಾಫ್ಲೈ (ಕಣಜದ ಬಳಗದ ಒಂದು ಕೀಟ) ಮರಿ ಇರಬಹುದು. ಚಿಟ್ಟೆ ಜಾತಿಯ ಹುಳಕ್ಕೆ ಹೊಡೆಯುವ ಬಿಟಿ ಅನ್ನೋ ಬ್ಯಾಕ್ಟೀರಿಯಾದ ಔಷಧ ಇದಕ್ಕೆ ನಾಟೋದಿಲ್ಲ. ನಾನು ಬೆಳಿಗ್ಗೆ ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕುತ್ತೇನೆ.

ಹೂವಿನ ಆಯಸ್ಸು ಒಂದೇ ದಿನ. ಸಂಜೆ ಮೊಗ್ಗು ಮಡಚಿದ ಕೊಡೆಯ ಹಾಗೆ ತಿರುಚಿಕೊಂಡಿರುತ್ತದೆ, ತುದಿಯಲ್ಲಿ ಒಂದಿಷ್ಟು ಕೆಂಪು ಇಣುಕುತ್ತಿರುತ್ತದೆ. ಬೆಳಿಗ್ಗೆ ಹೋದರೆ ಊಟದ ತಟ್ಟೆಯಷ್ಟಗಲ ಅರಳಿರುತ್ತದೆ. ಹೋದ ವರ್ಷ ಒಂದನ್ನು ಸ್ಕೇಲಿಟ್ಟು ಅಳೆದೆ, 24 ಸೆಂಟಿಮೀಟರ್ ಇತ್ತು. ಎಸಳಿನ ಮೇಲೆ ರೇಷ್ಮೆ ಬಟ್ಟೆ ಮುದುರಿಟ್ಟ ಹಾಗೆ ಸಣ್ಣ ಸಣ್ಣ ಗೆರೆಗಳು.

ಈ ವರ್ಷ ಜೂನ್ 2ಕ್ಕೆ ಮೊದಲ ಚಿಗುರು ಕಂಡಿತು. ಗುದ್ದಲಿ ತಾಕಿದ್ದ ಅದೇ ಬುಡ. ಇವತ್ತು ಬೆಳಿಗ್ಗೆ ಬಗ್ಗಿ ಎಣಿಸಿದೆ, ಹನ್ನೊಂದಿವೆ.