ಹೂವಿನ ಅಂಗಡಿಯಲ್ಲಿ ‘ರಿ’ ಎಲ್ಲಿಡಬೇಕು?

ರಜೆಗೆ ಕಲಬುರಗಿಗೆ ಬಂದಿದ್ದೇನೆ. ನಿನ್ನೆ ಸಂಜೆ ಅಣ್ಣನ ಮಗಳ ಜೊತೆ ಶರಣಬಸವೇಶ್ವರ ಗುಡಿಗೆ ಹೋಗಿದ್ದೆ. ಹೂವು ಮಾರುವ ಅವ್ವನ ಮುಂದೆ ನಿಂತು ಅವಳು ಕೇಳಿದಳು, “ಮಲ್ಲಿಗಿ ಹ್ಯಾಂಗ್ ಕೊಟ್ರಿ?” ಅವ್ವ ರೇಟು ಹೇಳಿದರು. “ಎರಡು ಮೊಳ ಕೊಡ್ರಿ, ಸ್ವಲ್ಪ ಜಾಸ್ತಿ ಹಾಕ್ರಿ.” ಅವ್ವ ಮೊಣಕೈಯಿಂದ ಅಳೆದು, ಬೆರಳ ತುದಿ ದಾಟಿಸಿ ಕಡಿದು ಕೊಟ್ಟರು. ಅಷ್ಟೇ ಮಾತು. ಹೂವು ಯಾರಿಗೆ, ಯಾಕೆ ಅಂತ ಅವರು ಕೇಳಲಿಲ್ಲ.

ಈ ಹುಡುಗಿ ಸೆಪ್ಟೆಂಬರ್‌ನಲ್ಲಿ ಓದಲು ಇಂಗ್ಲೆಂಡಿಗೆ ಬರುತ್ತಿದ್ದಾಳೆ. ನಾನು ಲೀಡ್ಸ್‌ಗೆ ಹೋಗಿ ಆರು ವರ್ಷವಾಯಿತು. ಅಲ್ಲಿ ಹೂವಿನ ಅಂಗಡಿಯಲ್ಲಿ ಬಹಳ ಸಲ ಮೊದಲು ಕೇಳುವುದೇ ಅದನ್ನು. “ವಾಟ್ಸ್ ದಿ ಅಕೇಷನ್?” ಅಂದರೆ, ಏನು ವಿಶೇಷ, ಯಾತಕ್ಕೆ ಹೂವು ಅಂತ.

ನಾನು ಹೋದ ಹೊಸದರಲ್ಲಿ ಪಕ್ಕದ ಮನೆ ಅಜ್ಜ ತೀರಿಕೊಂಡರು. ಅಜ್ಜಿಗೆ ಹೂವು ಕೊಟ್ಟು ಮಾತಾಡಿಸಿ ಬರೋಣ ಅಂತ ಅಂಗಡಿಗೆ ಹೋದೆ. “ಗಿವ್ ಮಿ ವೈಟ್ ಫ್ಲವರ್ಸ್” ಅಂದೆ. ಅಂಗಡಿಯಾಕೆ ಈ ಪ್ರಶ್ನೆ ಕೇಳಿದರು. ನನಗೆ ಗಾಬರಿಯಾಯಿತು. ಬಾಯಿಗೆ ಬಂದದ್ದು “ಹಸ್ಬೆಂಡ್ ಡೈಡ್” ಅನ್ನುವ ಎರಡೇ ಪದ. ‘ನೇಬರ್’ ಅನ್ನೋದು ಒಳಗೇ ಉಳಿಯಿತು. ಆಕೆ ಕತ್ತರಿ ಕೆಳಗಿಟ್ಟು ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮನೆಯಲ್ಲಿ ಆರಾಮಾಗಿ ಕೂತಿದ್ದ ಗಂಡನ ನೆನಪಾಗಿ ನನ್ನ ಎದೆ ಝಲ್ಲೆಂದಿತು. ಹಾಗಲ್ಲ ಅಂತ ಬಿಡಿಸಿ ಹೇಳಲು ಮಾತು ಸಿಗಲಿಲ್ಲ. ಆಕೆಯ ಮರುಕವನ್ನು ಸುಳ್ಳು ಹೇಳಿ ಪಡೆದ ಹಾಗಾಯಿತಲ್ಲ ಅನ್ನುವ ಸಂಕಟ ಬಹಳ ದಿನ ಇತ್ತು.

ಅದಕ್ಕೇ ನಿನ್ನೆ ರಾತ್ರಿ ಊಟವಾದ ಮೇಲೆ ಮನೆ ಮುಂದಿನ ಕಟ್ಟೆ ಮೇಲೆ ಕೂತು ಇಬ್ಬರೂ ಅಂಗಡಿ ಮಾತು ಕಲಿತೆವು. ನಾನು ಅಂಗಡಿಯಾಕೆ, ಅವಳು ಗಿರಾಕಿ.

ಅವಳೂ “ಗಿವ್ ಮಿ” ಅಂತಲೇ ಶುರು ಮಾಡಿದಳು. ಅದು ತಾನಾಗಿ ಬರುತ್ತೆ, ಯಾಕಂದ್ರೆ ನಾವು ‘ಕೊಡ್ರಿ’ ಅಂತೀವಿ. ಆದರೆ ನಮ್ಮ ‘ಕೊಡ್ರಿ’ಯಲ್ಲಿ ಮರ್ಯಾದೆಯ ‘ರಿ’ ಇದೆ. “ಗಿವ್ ಮಿ” ಅಂದಾಗ ಆ ‘ರಿ’ ಬಿದ್ದುಹೋಗಿ ಬರೀ ‘ಕೊಡು’ ಉಳಿಯುತ್ತೆ. “ಕುಡ್ ಐ ಹ್ಯಾವ್” ಅಂತ ಶುರು ಮಾಡಿ, ಕೊನೆಗೆ “ಪ್ಲೀಸ್” ಅನ್ನಬೇಕು. ‘ರಿ’ ಅಲ್ಲಿದೆ.

ಆಮೇಲೆ ಆ ಪ್ರಶ್ನೆ. ಉತ್ತರದಲ್ಲಿ ಯಾರಿಗೆ ಅನ್ನೋದನ್ನೇ ಮೊದಲು ಹೇಳು ಅಂದೆ. “ದೇ ಆರ್ ಫಾರ್ ಮೈ ನೇಬರ್. ಹರ್ ಹಸ್ಬೆಂಡ್ ಹ್ಯಾಸ್ ಪಾಸ್ಡ್ ಅವೇ.” ‘ಡೈಡ್’ ತಪ್ಪಲ್ಲ. ಆದರೆ ದುಃಖದ ಮನೆ ಮುಂದೆ ನಾವೂ ‘ಸತ್ತರು’ ಅನ್ನಲ್ಲ, ‘ತೀರಿಕೊಂಡರು’ ಅಂತೀವಿ ಅಲ್ವಾ? ‘ಪಾಸ್ಡ್ ಅವೇ’ ಹಾಗೇ.

“ಹೌ ಮಚ್ ವುಡ್ ಯು ಲೈಕ್ ಟು ಸ್ಪೆಂಡ್?” ಅಂದಾಗ ಹುಡುಗಿ ಗಕ್ಕನೆ ನಿಂತಳು. “ನನ್ನ ಹತ್ರ ಎಷ್ಟ್ ರೊಕ್ಕ ಅದ ಅಂತ ಅವರ್ಯಾಕ ಕೇಳ್ತಾರ ಅತ್ತಿ?” ಒಳ್ಳೆಯ ಪ್ರಶ್ನೆ. ಅಲ್ಲಿ ಬೊಕೆಯನ್ನು ನಮ್ಮ ದುಡ್ಡಿಗೆ ತಕ್ಕಂತೆ ಕಟ್ಟಿಕೊಡುತ್ತಾರೆ. “ಅರೌಂಡ್ ಟ್ವೆಂಟಿ ಪೌಂಡ್ಸ್, ಪ್ಲೀಸ್” ಅಂದರೆ ಸಾಕು, ಸಂಕೋಚ ಬೇಡ. ಚೌಕಾಸಿ ಮಾತ್ರ ನಡೆಯಲ್ಲ. ಫೆಬ್ರವರಿ 14ರ ಹತ್ತಿರ ಗುಲಾಬಿ ರೇಟು ಏರುತ್ತೆ, ನಮ್ಮಲ್ಲಿ ದಸರೆಗೆ ಚೆಂಡುಹೂವು ಏರಿದ ಹಾಗೆ.

ಮೊಳದ ಲೆಕ್ಕ ಅಲ್ಲಿಲ್ಲ. ಒಂದೊಂದು ಕಡ್ಡಿಗೆ ಸ್ಟೆಮ್ ಅಂತಾರೆ, ಕಟ್ಟಿಗೆ ಬಂಚ್. ಮುಡಿಯಲು ಅಲ್ಲ, ನೀರಲ್ಲಿಡಲು ಕೊಳ್ಳೋದು. ಚಳಿ ಮುಗಿಯುವ ಹೊತ್ತಿಗೆ ಬರುವ ಹಳದಿ ಡ್ಯಾಫೋಡಿಲ್ ಅಗ್ಗ. ಅದನ್ನು ಹಸಿರು ಮೊಗ್ಗಿನಲ್ಲೇ ಮಾರುತ್ತಾರೆ, ನೋಡಿದರೆ ಉಳ್ಳಾಗಡ್ಡಿ ತಪ್ಪಲಿನ ಹಾಗೇ ಇರುತ್ತೆ. ಮೋಸ ಅಲ್ಲ, ಮನೆಯಲ್ಲಿ ನೀರಿಗಿಟ್ಟರೆ ಅರಳುತ್ತೆ. ಆದರೆ ಅದು ವಿಷ. ಕಾಯಿಪಲ್ಲೆ ಅಂದುಕೊಂಡು ಜನ ತಿಂದಾರು ಅಂತ 2015ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯವರು, ಅದನ್ನು ತರಕಾರಿಯಿಂದ ದೂರ ಇಡಿ ಎಂದು ಸೂಪರ್‌ಮಾರ್ಕೆಟ್‌ಗಳಿಗೆ ಪತ್ರ ಬರೆದಿದ್ದರು.

ಇನ್ನೊಂದು ಮಾತು ಮರೆಯಬೇಡಿ. ಕೊಡುವ ಮನೆಯಲ್ಲಿ ಬೆಕ್ಕಿದ್ದರೆ “ನೋ ಲಿಲ್ಲೀಸ್, ಪ್ಲೀಸ್” ಅನ್ನಲೇಬೇಕು. ಲಿಲ್ಲಿಯ ಎಲೆ, ಹೂವು, ಪರಾಗ ಎಲ್ಲವೂ ಬೆಕ್ಕಿಗೆ ವಿಷ, ಕಿಡ್ನಿ ಹೋಗುತ್ತೆ. ಅಲ್ಲಿ ಒಂಟಿ ಮುದುಕರಿಗೆ ಎಷ್ಟೋ ಸಲ ಆ ಬೆಕ್ಕೇ ಮನೆಮಂದಿ.

ಮೂರನೇ ಸಲಕ್ಕೆ ಹುಡುಗಿಗೆ ಧೈರ್ಯ ಬಂತು. ಸೆಪ್ಟೆಂಬರ್‌ನಲ್ಲಿ ಯಾವ ಹೂವು ಸಿಗುತ್ತೆ ಅಂತ ಕೇಳಿದಳು. ಸೂರ್ಯಕಾಂತಿ ಅಂದೆ. “ನಮ್ಮ ಹೊಲದಾಗಿನ ಸೂರ್ಯಪಾನ?” ಅಂತ ಅವಳ ಕಣ್ಣರಳಿತು. ಎದ್ದು ನಿಂತು, ಜಡೆಯ ಮಲ್ಲಿಗೆ ಸರಿ ಮಾಡಿಕೊಂಡು ಕೇಳಿದಳು.

“ಹಲೋ. ಕುಡ್ ಐ ಹ್ಯಾವ್ ಫೈವ್ ಸನ್‌ಫ್ಲವರ್ಸ್, ಪ್ಲೀಸ್?”

“ಲವ್ಲಿ. ವಾಟ್ಸ್ ದಿ ಅಕೇಷನ್?”

“ದೇ ಆರ್ ಫಾರ್ ಮೈ ಆಂಟ್. ಶಿ ಲಿವ್ಸ್ ಇನ್ ಲೀಡ್ಸ್.”