ಒಂದೇ ಒಂದು ಹಾರಿದ ಎಂಬಿ5

ಫೈಟರ್ ವಿಮಾನ ಅಂದ ತಕ್ಷಣ ಎಲ್ರೂ ಸ್ಪೀಡ್ ಎಷ್ಟು, ಗನ್ ಎಷ್ಟು ಅಂತ ಕೇಳ್ತಾರೆ, ನಾನೂ ಮೊದಲು ಹಾಗೇ ಕೇಳ್ತಿದ್ದೆ, ಆದ್ರೆ ಬ್ರಿಟನ್ನಿನ ಮಾರ್ಟಿನ್-ಬೇಕರ್ ಎಂಬಿ5 ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ನನ್ನ ಕಣ್ಣು ಹೋಗೋದೇ ಅದರ ಪ್ಯಾನೆಲ್‌ಗಳ ಕಡೆಗೆ. ವಿಮಾನದ ಮೈ ಒಳಗಡೆ ಸ್ಟೀಲ್ ಪೈಪುಗಳ ಚೌಕಟ್ಟು, ಅದರ ಮೇಲೆ ಬೇಗ ಬಿಚ್ಚಿ ತೆಗೆಯೋ ಹಾಗೆ ದೊಡ್ಡ ದೊಡ್ಡ ತಗಡಿನ ಪ್ಯಾನೆಲ್‌ಗಳು. ಅವನ್ನ ತೆಗೆದ್ರೆ ಒಳಗಿರೋ ಪೈಪು, ವೈರು ಎಲ್ಲಾ ಕೈಗೆ ಸಿಗುತ್ತೆ. ಯುದ್ಧದ ಟೈಮಲ್ಲಿ ಬಯಲಲ್ಲಿ ನಿಂತು, ಮರಗಟ್ಟಿದ ಬೆರಳಲ್ಲಿ ಸ್ಪ್ಯಾನರ್ ಹಿಡಿಯೋ ಮೆಕ್ಯಾನಿಕ್‌ಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ.

ಕಾಕ್‌ಪಿಟ್ ಕೂಡ ಹಾಗೇ. ಬ್ರಿಟಿಷ್ ಟೆಸ್ಟ್ ಪೈಲಟ್‌ಗಳು ಅದರ ಜೋಡಣೆಯನ್ನ ಬಾಯ್ತುಂಬ ಹೊಗಳಿದ್ರು.

ಇದರ ಹಿಂದೆ ಒಂದು ಸಾವಿದೆ. ಜೇಮ್ಸ್ ಮಾರ್ಟಿನ್ ಐರ್ಲೆಂಡಿನಲ್ಲಿ ಹುಟ್ಟಿದ ಎಂಜಿನಿಯರ್, ಅವರ ಪಾರ್ಟ್‌ನರ್ ಕ್ಯಾಪ್ಟನ್ ವ್ಯಾಲೆಂಟೈನ್ ಬೇಕರ್ ಮೊದಲನೇ ಮಹಾಯುದ್ಧದಲ್ಲಿ ಹಾರಿದ ಪೈಲಟ್, ಆಮೇಲೆ ಎಷ್ಟೋ ಜನಕ್ಕೆ ವಿಮಾನ ಓಡಿಸೋದು ಕಲಿಸಿದವರು. 1934ರಲ್ಲಿ ಇಬ್ಬರೂ ಸೇರಿ ಕಂಪನಿ ಶುರು ಮಾಡಿದ್ರು, ಮಾರ್ಟಿನ್ ಕಟ್ಟೋದು, ಬೇಕರ್ ಹಾರಿಸೋದು. ಎಂಬಿ3 ಅನ್ನೋ ಫೈಟರ್‌ಗೆ 20 ಮಿಮೀ ಫಿರಂಗಿ ಆರು, ಎಂಜಿನ್ ನೇಪಿಯರ್ ಸೇಬರ್. ಅದು ಮೊದಲ ಸಲ ಹಾರಿದ್ದು 1942ರ ಆಗಸ್ಟ್ 31ಕ್ಕೆ. ಎರಡು ವಾರ ಕೂಡ ಆಗಿರ್ಲಿಲ್ಲ, ಸೆಪ್ಟೆಂಬರ್ 12ಕ್ಕೆ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಡ್ತು, ಬೇಕರ್ ಹೊಲದಲ್ಲಿ ಇಳಿಸೋಕೆ ನೋಡಿದ್ರು, ಆಗ್ಲಿಲ್ಲ, ವಿಮಾನದ ಜೊತೆ ಅವರೂ ಹೋದ್ರು. ಮಾರ್ಟಿನ್ ಆ ಏಟಿಂದ ಪೂರ್ತಿ ಚೇತರಿಸ್ಕೊಳ್ಳಲೇ ಇಲ್ಲ ಅಂತಾರೆ, ಅಲ್ಲಿಂದ ಮುಂದೆ ಪೈಲಟ್ ಜೀವ ಉಳಿಸೋದೇ ಅವರ ತಲೆ ತುಂಬ ಕೂತುಬಿಡ್ತು.

ಎಂಬಿ5 ಹುಟ್ಟಿದ್ದು ಈ ನೋವಿನ ನಡುವೆ. 1944ರ ಮೇ 23ಕ್ಕೆ ಮೊದಲ ಹಾರಾಟ. ಮುಂದೆ ರೋಲ್ಸ್-ರಾಯ್ಸ್ ಗ್ರಿಫನ್ ಎಂಜಿನ್, ಅದಕ್ಕೆ ಒಂದರ ಹಿಂದೆ ಒಂದು ಮೂರು ರೆಕ್ಕೆಯ ಎರಡು ಪ್ರೊಪೆಲರ್, ಒಂದು ಬಲಕ್ಕೆ ತಿರುಗಿದ್ರೆ ಇನ್ನೊಂದು ಎಡಕ್ಕೆ. ಎರಡು ಸಾವಿರ ಹಾರ್ಸ್‌ಪವರ್ ದಾಟಿದ ಎಂಜಿನ್ನು ಒಂದೇ ಪ್ರೊಪೆಲರ್ ತಿರುಗಿಸಿದ್ರೆ ಥ್ರಾಟಲ್ ಒತ್ತಿದ ಕೂಡ್ಲೇ ವಿಮಾನ ರನ್‌ವೇ ಮೇಲೆ ಒಂದು ಪಕ್ಕಕ್ಕೆ ಎಳೆಯುತ್ತೆ, ಪೈಲಟ್ ಕಾಲಲ್ಲಿ ರಡ್ಡರ್ (ಮೂಗನ್ನ ಎಡಕ್ಕೆ ಬಲಕ್ಕೆ ತಿರುಗಿಸೋ ಬಾಲದ ತಗಡು) ಒತ್ತಿ ಹಿಡೀಬೇಕು. ಇದರಲ್ಲಿ ಒಂದರ ಎಳೆತವನ್ನ ಇನ್ನೊಂದು ಕಳೆದುಬಿಡುತ್ತೆ, ಮೂಗು ನೇರವಾಗೇ ಇರುತ್ತೆ. ವೇಗ ಗಂಟೆಗೆ 460 ಮೈಲಿ, ಅಂದ್ರೆ ಸುಮಾರು 740 ಕಿಲೋಮೀಟರ್, ಪ್ರೊಪೆಲರ್ ವಿಮಾನಕ್ಕೆ ಅವತ್ತಿಗೆ ಇದು ತುಂಬಾನೇ ಜಾಸ್ತಿ.

ಆದ್ರೂ ಆರ್ಡರ್ ಬರ್ಲಿಲ್ಲ. ಎರಡೇ ತಿಂಗಳಿಗೆ, ಜುಲೈನಲ್ಲಿ, ಗ್ಲೋಸ್ಟರ್ ಮೀಟಿಯರ್ ಜೆಟ್ ಬ್ರಿಟಿಷ್ ವಾಯುಪಡೆ ಸೇರ್ತು, ಪ್ರೊಪೆಲರ್ ಫೈಟರ್‌ಗಳ ಕಾಲ ಮುಗೀತಾ ಬಂದಿತ್ತು. ಇಷ್ಟು ಚೆನ್ನಾಗಿರೋ ವಿಮಾನ ಎರಡು ವರ್ಷ ಮೊದಲೇ ಬಂದಿದ್ರೆ ಅಂತ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ. ಕಟ್ಟಿದ್ದು ಒಂದೇ, ಅದನ್ನೂ ಉಳಿಸ್ಕೊಳ್ಳಲಿಲ್ಲ, ಯಾವ ಮ್ಯೂಸಿಯಂಗೆ ಹೋದ್ರೂ ನೋಡೋಕೆ ಸಿಗಲ್ಲ.

ಮಾರ್ಟಿನ್ ಮಾತ್ರ ಆಗಲೇ ಬೇರೆ ಕೆಲಸಕ್ಕೆ ಕೈ ಹಾಕಿದ್ರು, ಅಪಾಯ ಬಂದಾಗ ಪೈಲಟ್‌ನ ವಿಮಾನದಿಂದ ಹೊರಗೆ ಚಿಮ್ಮಿಸೋ ಎಜೆಕ್ಷನ್ ಸೀಟ್ ಮಾಡೋದು. 1946ರ ಜುಲೈ 24ಕ್ಕೆ ಬರ್ನಾರ್ಡ್ ಲಿಂಚ್ ಅನ್ನೋ ಅವರ ಕೆಲಸಗಾರ ಹಾರ್ತಾ ಇರೋ ಮೀಟಿಯರ್‌ನಿಂದ ಸೀಟ್ ಸಮೇತ ಆಕಾಶಕ್ಕೆ ಚಿಮ್ಮಿ, ಪ್ಯಾರಾಚೂಟಲ್ಲಿ ಸೇಫಾಗಿ ನೆಲಕ್ಕಿಳಿದ್ರು. ಆ ಎಜೆಕ್ಷನ್ ಸೀಟುಗಳಿಂದ ಇವತ್ತಿಗೆ 7,000ಕ್ಕೂ ಹೆಚ್ಚು ಜನ ಬದುಕಿದ್ದಾರೆ, ಕಂಪನಿ ಹೆಸರಲ್ಲಿ ಬೇಕರ್ ಈಗ್ಲೂ ಇದ್ದಾರೆ.